ಅಂಗುಳ ಬಿಟ್ಟ ಮೇಲೆ

ನಾನು ನೀಲಗಂಗಮ್ಮನವರ ಮೇಲಿನ ಸಾಲಿನ ಹಲ್ಲಿನ ಸೆಟ್. ಧಾರವಾಡದ ಒಂದು ಸಣ್ಣ ಕೋಣೆಯಲ್ಲಿ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಪುಡಿಯನ್ನು ದ್ರವದಲ್ಲಿ ಕಲಸಿ, ಅಚ್ಚಿಗೊತ್ತಿ, ಬಿಸಿನೀರಿನಲ್ಲಿ ಬೇಯಿಸಿ ನನ್ನನ್ನು ಮಾಡಿದರು. ಬಾಯಿ ಸೇರಿದ ದಿನವೇ ಕೆಳಗಿನ ಸಾಲಿನ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿತು. ಅವು ಸ್ವಂತ ಹಲ್ಲುಗಳು, ಬೇರಿದ್ದವು. ನಾನು ಎಂಜಲಿನ ತೆಳು ಪಸೆಯನ್ನು ನಂಬಿ ಅಂಗುಳಕ್ಕೆ ಅಂಟಿಕೊಂಡಿದ್ದೆ.

ಒಂದೇ ಸಮಾಧಾನವಿತ್ತು. ಅಮ್ಮ ಮಲಗುವಾಗಲೂ ನನ್ನನ್ನು ತೆಗೆಯುತ್ತಿರಲಿಲ್ಲ. ಬೊಚ್ಚು ಬಾಯಿಯನ್ನು ಗಂಡ ಗುರುಪಾದಪ್ಪನವರು ನೋಡಬಾರದು ಎಂಬ ಹಟ. ನಾನು ಅದನ್ನು ಪ್ರೀತಿ ಎಂದುಕೊಂಡೆ.

ನಾಲ್ಕು ವರ್ಷ ಕಳೆದ ಮೇಲೆ ಅಂಗುಳ ಕೆಂಪಾಯಿತು. ಸಾರು ಕೂಡ ಉರಿಯತೊಡಗಿತು. ದಂತ ಕಾಲೇಜಿನ ಡಾಕ್ಟರ್ ಭುವನಾ ಯೀಸ್ಟ್ ಎಂಬ ಶಿಲೀಂಧ್ರದ ಸೋಂಕು ಎಂದರು, ಬಾಯಿಗೆ ಹನಿ ಔಷಧ ಕೊಟ್ಟರು. ಉರಿ ಹೋಯಿತು, ಮತ್ತೆ ಬಂತು. ಹೀಗೆ ಮೂರು ಸಲ. ಕಾರಣ ನನಗೆ ಗೊತ್ತಿತ್ತು. ಯೀಸ್ಟ್ ಕಣಗಳು ನನ್ನ ಮೈಯ ಸಣ್ಣ ಕುಳಿಗಳನ್ನು ಹಿಡಿದು, ಒಂದರ ಮೇಲೊಂದು ಕೂತು ಪೊರೆ ಕಟ್ಟಿದ್ದವು. ಔಷಧಕ್ಕೆ ಮೇಲಿನವು ಸಾಯುತ್ತಿದ್ದವು, ತಳದವು ಉಳಿಯುತ್ತಿದ್ದವು. ಆ ಹಿಡಿತ ಕಂಡು ಅವುಗಳ ಮೇಲೂ ನನಗೆ ಅಸೂಯೆಯಾಯಿತು.

“ಅಮ್ಮಾರ, ಮಲಗೂ ಮುಂದ ಸೆಟ್ ತಗದು ನೀರಾಗ ಇಡ್ತೀರಿಲ್ಲೋ?” ಡಾಕ್ಟರ್ ಕೇಳಿದರು.

“ಇಡ್ತೀನಿ,” ಎಂದರು ಅಮ್ಮ.

“ಎಲ್ಲಿ ಇಡ್ತಾಳ್ರೀ,” ಎಂದರು ಪಕ್ಕದಲ್ಲಿದ್ದ ಗುರುಪಾದಪ್ಪ. “ನನಗ ಗೊತ್ತಾಗಬಾರದಂತ.” ಆಮೇಲೆ ಬಾಯಿಗೆ ಬೆರಳು ಹಾಕಿ ಮುಂದಿನ ಎರಡು ಹಲ್ಲು ಕಳಚಿ ಅಂಗೈಯಲ್ಲಿಟ್ಟರು. “ನಂದೂ ಕಟ್ಟಿಸಿದ್ದ. ಲಗ್ನಕ್ಕಿಂತ ಮೊದಲಿಂದು.”

ಅಮ್ಮ ಆ ಎರಡು ಹಲ್ಲು ನೋಡಿದರು. “ಕಳ್ಳ,” ಎಂದರು. ನಕ್ಕ ರಭಸಕ್ಕೆ ನಾನು ಅಂಗುಳ ಬಿಟ್ಟು ಜಾರಿದೆ. ಆ ದಿನ ಮೊದಲ ಬಾರಿಗೆ ಗಂಡನ ಎದುರು ನನ್ನನ್ನು ಹೊರತೆಗೆದರು.

ಅಮ್ಮನಿಗೆ ಹೊಸ ಸೆಟ್ ಬಂತು. ನನ್ನನ್ನು ಡಾಕ್ಟರ್ ತಮ್ಮ ಅಧ್ಯಯನಕ್ಕೆ ಕೇಳಿ ಪಡೆದರು. ಉಜ್ಜಿ, ಶುದ್ಧಮಾಡಿ, ಚೌಕ ಚೂರುಗಳಾಗಿ ಕತ್ತರಿಸಿದರು. ಒಂದು ಚೂರಿನ ಮೇಲೆ, ಮೊದಲೇ ತೆಳು ಔಷಧದಲ್ಲಿಟ್ಟಿದ್ದ ಯೀಸ್ಟ್ ಸುರಿದರು; ತೊಳೆದಾಗ ಬಹುಪಾಲು ಜಾರಿಹೋಯಿತು. ಇನ್ನೊಂದರ ಮೇಲೆ ಪೊರೆ ಕಟ್ಟಲು ಬಿಟ್ಟು, ಆಮೇಲೆ ಅದಕ್ಕಿಂತ ಗಟ್ಟಿ ಔಷಧ ಹಾಕಿದರು, ತಳದವು ಅಲ್ಲಾಡಲಿಲ್ಲ. ಅಂಟುವ ಮೊದಲು ಬಿಡಿಸುವುದು ಸುಲಭ ಎಂದು ಡಾಕ್ಟರ್ ಬರೆದುಕೊಂಡರು.

ಒಂದು ದಿನ ಅಮ್ಮ ತಪಾಸಣೆಗೆ ಬಂದರು. ಹೊಸ ಸೆಟ್ ತಾವೇ ತೆಗೆದು ತೋರಿಸಿದರು, ಅಂಗುಳ ತಿಳಿಗುಲಾಬಿಯಾಗಿತ್ತು. ಮನೆಯಲ್ಲಿ ಅದಕ್ಕೊಂದು ಬಟ್ಟಲು, ಗಂಡನ ಎರಡು ಹಲ್ಲಿಗೊಂದು, ಪಕ್ಕಪಕ್ಕದಲ್ಲೇ ಇರುತ್ತವಂತೆ. ನನಗೆ ಯಾರೂ ಬಟ್ಟಲಿಡಲಿಲ್ಲ.

ಗಾಜಿನ ತಟ್ಟೆಯಲ್ಲಿ ಉಳಿದ ಚೂರುಗಳನ್ನು ಅಮ್ಮ ಗುರುತಿಸಿದರು. “ಇದು ನಂದ ಅಲ್ಲೇನವಾ? ಭಾಳ ಗಟ್ಟಿ ಹಿಡಕೊಂಡಿತ್ತು, ಪಾಪ.”

ಆಮೇಲೆ ಹೊಸದನ್ನು ಬಾಯೊಳಗೆ ಒತ್ತಿಕೊಂಡರು. ಅದು ಕೂತ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.