ಬಬಲೇಶ್ವರದ ಮಜ್ಜಿಗೆ

ಈಗಲಾದರೂ ಹೇಳಿಬಿಡಲೇ? ಹೇಳಿದರೆ ಏನಾದೀತು? ಡಾಕ್ಟರು ಒಂದು ಮಾತು ಬೈದಾರು, ಅವ್ವ ಹಣೆ ಬಡಿದುಕೊಂಡಾಳು. ಆದರೆ ಕಾಳವ್ವ? ಅವಳು ಬೈಯುವುದಿಲ್ಲ, ಬರೀ ನೋಡುತ್ತಾಳೆ. ವಿಜಾಪುರದ ದವಾಖಾನೆಯ ಬೆಂಚಿನ ಮೇಲೆ ತಾಯಿಗೂ ಹೆಂಡತಿಗೂ ನಡುವೆ ಕುಳಿತ ಶಿವಯೋಗೆಪ್ಪ ಆ ನೋಟವನ್ನು ನೆನೆದೇ ತಲೆ ತಗ್ಗಿಸಿದ.

ಕಾಳವ್ವನ ತೊಡೆಯ ಮೇಲಿದ್ದ ಮಗಳು ನೀಲಿಗೆ ಮತ್ತೆ ಕೆಮ್ಮು ಬಂತು. ಎರಡು ವರ್ಷ ತುಂಬದ ಕೂಸು. ಕೆಮ್ಮಿ ಕೆಮ್ಮಿ ಮುಖ ಕಪ್ಪಿಟ್ಟು, ಕಡೆಗೆ ಉಸಿರು ಎಳೆದುಕೊಳ್ಳುವಾಗ ಗಂಟಲಿನಿಂದ ಕೂಗಿನಂಥ ಸದ್ದು ಹೊರಟಿತು.

"ಬ್ಯಾಡ ಬ್ಯಾಡಂದ್ರೂ ಮಜ್ಜಿಗಿ ಕುಡಿಸಿದಿ," ಎಂದಳು ಅವನ ತಾಯಿ ಗೌರಾಬಾಯಿ, ಸೊಸೆಗೆ. "ತವರಮನಿ ಮಜ್ಜಿಗಿ ಅಂದ್ರ ನಿನಗ ಅಮೃತ. ಕೂಸಿನ ಎದಿಯಾಗ ಕುಂತೈತಿ ನೋಡು ಈಗ."

"ಬಬಲೇಶ್ವರದಾಗ ನಮ್ಮಣ್ಣನ ಮಕ್ಕಳು ದಿನಾ ಕುಡೀತಾವಲ್ರಿ ಅತ್ತಿ."

"ಅವೂ ಕೆಮ್ಮಾಕತ್ತಾವಲ್ಲ ಬೇ!"

"ಅವಕ್ಕ ನಾಯಿಕೆಮ್ಮಂತ್ರಿ. ನಮ್ಮ ನೀಲಿಗೆ ಅದರ ಸೂಜಿ ಆಗೈತಿ ಅಂತ ಧೈರ್ಯ ಮಾಡಿ ಕರಕೊಂಡು ಹೋಗಿದ್ದೆ."

ಆ ಸೂಜಿ. ಅರವತ್ತೈದರ ದೀಪಾವಳಿ ಮುಗಿದ ಮೇಲೆ ಕಾಳವ್ವನೇ ಅಪ್ಪ ಮಗಳಿಬ್ಬರನ್ನೂ ತಮ್ಮೂರು ತಿಕೋಟಾದಲ್ಲಿ ಬಸ್ಸು ಹತ್ತಿಸಿ ಇದೇ ದವಾಖಾನೆಗೆ ಕಳಿಸಿದ್ದಳು. ಬಿ.ಎ. ಓದಿ ಸಾಲಿ ಮಾಸ್ತರನಾದ ಶಿವಯೋಗೆಪ್ಪ ಊರ ಮಂದಿಗೆಲ್ಲ ಸೂಜಿಯ ಉಪಯೋಗ ತಿಳಿಸಿ ಹೇಳುವವ. ಅಂದು ಪಾಳಿಯಲ್ಲಿ ಮುಂದಿದ್ದ ಕೂಸು ಕಿಟಾರನೆ ಕಿರುಚಿದಾಗ ನೀಲಿ ಅವನ ಕೊರಳಿಗೆ ಜೋತುಬಿದ್ದಳು. ಅವಳಿಗಿಂತ ಹೆಚ್ಚಾಗಿ ಅವನೇ ನಡುಗಿದ. ಪಾಳಿ ಬಿಟ್ಟು ಹೊರಬಂದು, ಅವಳಿಗೊಂದು ಗಾಳಿ ತುಂಬಿದ ಪುಗ್ಗಾ ಕೊಡಿಸಿ, ಮುಂದಿನ ವಾರ ಬಂದರಾಯಿತು ಎಂದುಕೊಂಡ.

ಮನೆಯಲ್ಲಿ ಕಾಳವ್ವ, "ಯಾವ ಕಾಲಿಗೆ ಮಾಡಿದ್ರು?" ಎಂದು ಕೇಳಿದಳು.

"ಎಡಗಾಲಿಗೆ."

ಅವಳು ಬಿಸಿನೀರಿನಲ್ಲಿ ಅರಿವೆ ಅದ್ದಿ ಎಡತೊಡೆಗೆ ಕಾವು ಕೊಟ್ಟಳು. ಏನೂ ನೋಯದ ನೀಲಿ ಕಚಗುಳಿಯಾಗಿ ಕಿಲಕಿಲ ನಕ್ಕಳು. "ಭಾಳ ಗಟ್ಟಿ ಐತಿ ನನ್ನ ಮಗಳು, ಅಳೋದೇ ಇಲ್ಲ," ಎಂದು ಕಾಳವ್ವ ನೆರೆಮನೆಯ ಆಶಾಬಿಯ ಮುಂದೆ ಹಿಗ್ಗಿದಳು. ಮತ್ತೆ ದವಾಖಾನೆಗೆ ಹೋಗಬೇಕಾದರೆ ಮೊದಲು ಆ ಸುಳ್ಳನ್ನು ಬಿಚ್ಚಬೇಕಿತ್ತು. ಅವನು ಹೋಗಲಿಲ್ಲ.

ಡಾಕ್ಟರು ಒಳಗೆ ಕರೆದರು. ನೀಲಿಯ ಎದೆ ಬೆನ್ನುಗಳಿಗೆ ನಳಿಗೆ ಇಟ್ಟು ಕೇಳಿದರು.

"ಈ ಕೆಮ್ಮು ಕೇಳಿದ್ರ ನಾಯಿಕೆಮ್ಮು ಅನಸ್ತೈತಿ. ಸೂಜಿ ಮಾಡಿಸೀರೇನು?"

"ಮಾಡ್ಸೇವ್ರಿ," ಕಾಳವ್ವ ತಟ್ಟನೆ ಅಂದಳು. "ಇವ್ರೇ ಕರಕೊಂಡು ಬಂದಿದ್ರು."

ಡಾಕ್ಟರು ಅವನತ್ತ ತಿರುಗಿದರು. "ಹೌದೇನ್ರಿ ಮಾಸ್ತರ?"

ಕಾಳವ್ವ ಅವನನ್ನೇ ನೋಡುತ್ತಿದ್ದಳು, ಒಂದಿಷ್ಟು ಅಭಿಮಾನದಿಂದ.

"ಹೂಂನ್ರಿ," ಎಂದ ಶಿವಯೋಗೆಪ್ಪ.

"ಹಂಗಾರ ಬರೇ ಥಂಡಿ ಕೆಮ್ಮು ಇರಬೇಕು. ಔಷಧ ಕೊಡ್ತೇನಿ. ಥಂಡಿ ಪದಾರ್ಥ ಏನೂ ಕೊಡಬ್ಯಾಡ್ರಿ."

"ಮಜ್ಜಿಗಿ?" ಗೌರಾಬಾಯಿ ಮುಂದಕ್ಕೆ ಬಾಗಿದಳು.

"ಅದೂ ಬ್ಯಾಡ."

ಗೌರಾಬಾಯಿ ಸೊಸೆಯತ್ತ ಒಮ್ಮೆ ನೋಡಿ, ಕೂಸನ್ನು ತಾನೇ ಎತ್ತಿಕೊಂಡು ಹೊರಟಳು. ಮೆಟ್ಟಿಲು ಇಳಿಯುವಾಗ ಶಿವಯೋಗೆಪ್ಪ ಒಮ್ಮೆ ಹಿಂದಿರುಗಿ ನೋಡಿದ. ಒಳಗೆ ಆಗಲೇ ಬೇರೆಯವರು ಕುಳಿತಿದ್ದರು.

ಮನೆಗೆ ಬಂದವಳೇ ಕಾಳವ್ವ ಮೊಸರಿನ ಗಡಿಗೆಯನ್ನು ಹಿತ್ತಲಿಗೆ ಒಯ್ದಳು. ಮದುವೆಯಲ್ಲಿ ತವರಿಂದ ತಂದ ಹೆಪ್ಪು. ಅಂದಿನಿಂದ ಒಮ್ಮೆಯೂ ಕಡಿಯದಂತೆ ಇಂದಿನ ಮೊಸರಿನಿಂದ ನಾಳೆಯ ಹಾಲಿಗೆ ಹಾಕುತ್ತ ಬಂದಿದ್ದಳು. ಗಡಿಗೆ ಬೋರಲು ಹಾಕಿ, ತಳವನ್ನು ಬೂದಿಯಿಂದ ತಿಕ್ಕಿದಳು.

"ಬೈರಿ ನನಗ," ಎಂದಳು, ಹಿಂದೆ ಬಂದು ನಿಂತ ಗಂಡನಿಗೆ. "ನಿಮ್ಮ ಕೆಲಸ ನೀವು ಮಾಡಿದ್ರಿ. ನಾನೇ ಕೈಯಾರ ಕೂಸಿಗೆ ಕೆಮ್ಮು ತಂದಿಟ್ಟೆ."

ಅವನು ಬಾಯಿ ತೆರೆದ.

"ಹೋಗ್ಲಿ ಬಿಡು," ಎಂದ. ಅದು ಕ್ಷಮಿಸಿದವನ ಧ್ವನಿಯಾಗಿತ್ತು. ಹಾಗೆಂದು ಅವನ ಕಿವಿಗೇ ಕೇಳಿಸಿತು.

ಯುಗಾದಿಯ ಹೊತ್ತಿಗೆ ಕೆಮ್ಮು ಇಳಿಯಿತು, ನೀಲಿ ಉಳಿದಳು. ಆಮೇಲೆ ಹುಟ್ಟಿದ ಮಕ್ಕಳಿಗೆ ಕಾಳವ್ವ ಮಜ್ಜಿಗೆಯ ರುಚಿಯನ್ನೇ ತೋರಿಸಲಿಲ್ಲ. ಯಾಕೆಂದು ಬಂದವರು ಕೇಳಿದರೆ, "ಒಮ್ಮೆ ನನ್ನ ಕೈಲೆ ತಪ್ಪಾಗೈತ್ರಿ," ಎನ್ನುವಳು, ಅವನೆದುರಿಗೇ. ಅವನು ರೊಟ್ಟಿ ಮುರಿಯುತ್ತ ಕುಳಿತಿರುತ್ತಿದ್ದ.

ಸೂಜಿ ಮಾಡಿಸಿರಲಿಲ್ಲ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.