ತಡವರಿಸುವ ಮೋಟರನ್ನು ಮೇಲೇರಿಸಬೇಡಿ

ದೀಪಾವಳಿ ಮುಗಿಯುತ್ತಿದ್ದಂತೆ ಶಿಕಾರಿಪುರ, ಸೊರಬದ ಕಡೆ ಹೋರಿ ಹಬ್ಬಗಳು ಶುರುವಾಗುತ್ತವೆ. ಇವತ್ತು ಈ ಊರಲ್ಲಿ, ನಾಳೆ ಇನ್ನೊಂದು ಊರಲ್ಲಿ. ಹೋರಿಗೆ ಕೊಬ್ಬರಿ ಸರ ಕಟ್ಟುವವರು, ಓಡುವ ಹೋರಿಯಿಂದ ಅದನ್ನು ಹರಿಯಲು ಕಾದು ನಿಂತವರು, ನೋಡಲು ಮಾಳಿಗೆ ಹತ್ತಿದವರು. ಈಚೆಗೆ ಇವರೆಲ್ಲರ ತಲೆಯ ಮೇಲೆ ಡ್ರೋನು ಬೇರೆ. ವಿಡಿಯೊ ಮೊಬೈಲಿಗೆ ಬರದಿದ್ದರೆ ಹೋರಿ ಓಡಿಯೇ ಇಲ್ಲ ಎನ್ನುವ ಹಾಗಾಗಿದೆ. ಡ್ರೋನು ಮೇಲೇರುವುದನ್ನು ಎಲ್ಲರೂ ನೋಡುತ್ತಾರೆ. ಅದು ಬಿದ್ದರೆ ಯಾರ ಮೇಲೆ ಬೀಳುತ್ತದೆ ಎಂದು ಕೇಳುವವರು ಕಡಿಮೆ.

ಶಿಕಾರಿಪುರದ ಶಾನವಾಜನೂ ಕೇಳಿಕೊಂಡವನಲ್ಲ. ಅವನ ತಂದೆ ಇನಾಯತ್ ಉಲ್ಲಾನದು ಪಂಪ್‌ಸೆಟ್ ಮೋಟರು ರಿಪೇರಿಯ ಅಂಗಡಿ. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಕೆಲಸವನ್ನು ಶಾನವಾಜ್ ಅಲ್ಲೇ ಕಲಿತಿದ್ದ, ಈಗ ಅಂಗಡಿ ನೋಡಿಕೊಳ್ಳುವವನೂ ಅವನೇ. ಡ್ರೋನು ಅವನ ಹವ್ಯಾಸ. ಬಿಡಿಭಾಗ ತರಿಸಿ ತಾನೇ ಜೋಡಿಸಿದ್ದ. ಹೋರಿ ಹಬ್ಬದವರು ಕರೆದರೆ ಹೋಗಿ ವಿಡಿಯೊ ತೆಗೆದುಕೊಡುತ್ತಿದ್ದ. ಯಾರಾದರೂ ಜೋಪಾನ ಎಂದರೆ, ಮೋಟರು ಅಂದರೆ ನಮ್ಮನೆ ಕಸುಬು ಎಂದು ನಕ್ಕುಬಿಡುತ್ತಿದ್ದ.

ಸೊರಬದ ಕಡೆಯ ಜಡೆ ಊರಿನ ಹಬ್ಬದ ದಿನ ಡ್ರೋನು ಶುರು ಮಾಡಿದಾಗ ಒಂದು ಮೂಲೆಯ ಮೋಟರು ತಿರುಗದೆ ತಡವರಿಸಿತು. ಹೋರಿಯನ್ನು ಬಿಡಲು ಸಿದ್ಧರಾಗಿದ್ದವರು ಅವನ ಕಡೆಯೇ ನೋಡುತ್ತಿದ್ದರು. ಶಾನವಾಜ್ ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿದ. ಈ ಸಲ ತಿರುಗಿತು. ತಿರುಗಿತಲ್ಲ ಎಂದು ಮೇಲೇರಿಸಿದ. ಜನರ ನೆತ್ತಿಯ ಮೇಲೆ ಹೋಗುತ್ತಿದ್ದಾಗ ಅದೇ ಮೋಟರು ನಿಂತಿತು. ಡ್ರೋನು ಒಂದು ಕಡೆಗೆ ವಾಲಿ, ಗಿರಗಿರನೆ ಸುತ್ತುತ್ತ ಬೀದಿ ಬದಿಯ ಜಗಲಿಗೆ ಬಂದು ಬಿತ್ತು.

ಜಗಲಿಯ ಮೇಲೆ ಆ ಮನೆಯ ಲೋಕಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಮಗುವಿನ ಮುಖಕ್ಕೆ ಅಡ್ಡವಾಗಿ ಬಲಗೈ ಚಾಚಿದಳು. ಮಗುವಿಗೆ ಏನೂ ಆಗಲಿಲ್ಲ. ಉಳಿದ ರೆಕ್ಕೆಗಳು ಇನ್ನೂ ತಿರುಗುತ್ತಲೇ ಇದ್ದವು. ಲೋಕಮ್ಮನ ಅಂಗೈ ಸೀಳಿಹೋಯಿತು.

ಸೊರಬದ ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿ, ನರ ತುಂಡಾಗಿದೆ ಎಂದು ಶಿವಮೊಗ್ಗಕ್ಕೆ ಕಳಿಸಿದರು. ಗಾಯವೇನೋ ಕೂಡಿತು. ಎರಡು ಬೆರಳು ಮಾತ್ರ ಮಡಚುವುದಿಲ್ಲ. ಹಸು ಕರೆಯುವ ಕೆಲಸ ಗಂಡ ಕೆಂಪಪ್ಪನ ಪಾಲಿಗೆ ಬಂತು. ಅನ್ನ ಕಲಸಲಾರದೆ ಲೋಕಮ್ಮ ಚಮಚದಲ್ಲಿ ಉಣ್ಣುವುದನ್ನು ಕಲಿತಳು. ಯಾರಾದರೂ ನೋಡುತ್ತಿದ್ದರೆ ಊಟವನ್ನೇ ಬಿಡುತ್ತಿದ್ದಳು.

ಶಾನವಾಜ್ ಆಸ್ಪತ್ರೆಗೂ ಹೋಗಿದ್ದ, ಆಮೇಲೆ ಮನೆಗೂ ಹೋದ. ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಕೆಂಪಪ್ಪ ಕೂರಲು ಹೇಳಿ ಒಳಗೆ ಹೋದವನು ಹೊರಗೆ ಬರಲೇ ಇಲ್ಲ. ಮಾತಾಡಿಸಿದವಳು ಮಗಳು ನಾಗಶ್ರೀ. ಅವಳು ತರಬೇತಿ ಕೇಂದ್ರವೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಾಳೆ. ತಾಯಿಯನ್ನು ನೋಡಿಕೊಳ್ಳಲು ರಜೆ ಹಾಕಿ ಬಂದಿದ್ದಳು. ಇನ್ನು ಡ್ರೋನು ಹಾರಿಸುವುದುಂಟಾ ಎಂದು ಕೇಳಿದಳು. ಮುಂದಿನ ವಾರ ಶಿಕಾರಿಪುರದ ಹತ್ತಿರ ಇನ್ನೊಂದು ಹಬ್ಬಕ್ಕೆ ಒಪ್ಪಿಕೊಂಡಿದ್ದನ್ನು ಶಾನವಾಜ್ ಮುಚ್ಚಿಡಲಿಲ್ಲ.

"ಈಗ ಭಯ ಇಲ್ರಿ ಮೇಡಂ. ಆ ಮೋಟ್ರು ಕಿತ್ತು ಹೊಸದು ಹಾಕೀನಿ," ಎಂದ.

"ಮೋಟರೇ ಹೋಗಿತ್ತು ಅಂತ ನಿಮಗೆ ಹೆಂಗೆ ಗೊತ್ತಾಯ್ತು?"

ನಿಂತದ್ದು ಮೋಟರು, ಮತ್ತೇನು ಹೋಗಿರಲು ಸಾಧ್ಯ ಎಂದು ಅವನು ವಾದಿಸಿದ. ಹಾಕಿ ನೋಡಿದ್ದೇನೆ, ಚೆನ್ನಾಗಿ ತಿರುಗುತ್ತದೆ ಎಂದ. ಹಬ್ಬಕ್ಕೆ ಮೊದಲು ಡ್ರೋನನ್ನು ಒಮ್ಮೆ ಇಲ್ಲಿಗೆ ತನ್ನಿ ಎಂದಷ್ಟೇ ನಾಗಶ್ರೀ ಹೇಳಿದಳು. ಶಾನವಾಜ್ ಅಂಗಡಿಗೆ ಬಂದು ತಂದೆಗೆ ಹೇಳಿದಾಗ ಇನಾಯತ್ ಉಲ್ಲಾ ಕೂಡ, ಹೊಸ ಮೋಟರಿಗೆ ಇನ್ನೆಂಥ ಪರೀಕ್ಷೆ, ಆದರೆ ಅವರು ಕರೆದ ಮೇಲೆ ಹೋಗಲೇಬೇಕು ಎಂದ. ಮಗನ ಜೊತೆ ತಾನೂ ಹೊರಟ.

ಜಡೆಯಲ್ಲಿ ಅದೇ ಜಗಲಿಯ ಮೇಲೆ ಡ್ರೋನು ಇಟ್ಟರು. ಲೋಕಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಶಾನವಾಜ್ ಎಂದಿನಂತೆ ಬ್ಯಾಟರಿಯ ತಂತಿ ಸಿಕ್ಕಿಸಲು ಕೈಯಿಟ್ಟ. ಲೋಕಮ್ಮ ಬಲಗೈಯನ್ನು ಥಟ್ಟನೆ ಸೆರಗಿನೊಳಗೆ ಎಳೆದುಕೊಂಡಳು. ಶಾನವಾಜನ ಕೈ ಅಲ್ಲೇ ನಿಂತಿತು.

"ಮೊದಲು ರೆಕ್ಕೆ ಬಿಚ್ಚಿ," ಎಂದಳು ನಾಗಶ್ರೀ. "ನಾಲ್ಕೂ. ರೆಕ್ಕೆ ಇಟ್ಕೊಂಡು ಯಾವತ್ತೂ ಮೋಟರ್ ಪರೀಕ್ಷೆ ಮಾಡ್ಬಾರ್ದು. ಮನೆ ಒಳಗಂತೂ ಬೇಡವೇ ಬೇಡ."

ರೆಕ್ಕೆ ಬಿಚ್ಚಿಟ್ಟ ಮೇಲೆ, ಬ್ಯಾಟರಿ ಹಾಕದೆಯೇ ಒಂದೊಂದು ಮೋಟರನ್ನೂ ಬೆರಳಿನಿಂದ ತಿರುಗಿಸಲು ಹೇಳಿದಳು. ಮಣ್ಣು, ಮರಳು ಸೇರಿದ್ದರೆ ಅಥವಾ ಬೇರಿಂಗ್ ಹೋಗಿದ್ದರೆ ಗರಗರ ಎನ್ನುತ್ತದೆ. ಎಲ್ಲವೂ ನಯವಾಗಿ ತಿರುಗಿದವು. ಮೋಟರನ್ನು ಬಿಗಿದ ಸ್ಕ್ರೂ ಉದ್ದವಾಗಿದ್ದರೆ ಒಳಗಿನ ತಾಮ್ರದ ಸುತ್ತಿಗೆ ತಾಗಿ ಸುಡುತ್ತದೆ ಎಂದು ಅದನ್ನೂ ನೋಡಿದಳು. ತಾಗಿರಲಿಲ್ಲ. ತಂತಿ ಸೇರುವ ಪಿನ್ನುಗಳನ್ನು ಮೆಲ್ಲಗೆ ಎಳೆದು ನೋಡಿದಳು. ಬಿಗಿಯಾಗಿದ್ದವು.

ಆಮೇಲೆ ಡ್ರೋನನ್ನು ಮಣೆಗೆ ಕಟ್ಟಿ, ಬ್ಯಾಟರಿ ಹಾಕಿ ಶುರು ಮಾಡಿದರು. ನಾಲ್ಕೂ ತಿರುಗಿದವು. ಇನಾಯತ್ ಉಲ್ಲಾ ಮಗನ ಮುಖ ನೋಡಿದ. ನಾಗಶ್ರೀ ನಿಲ್ಲಿಸಿ ಮತ್ತೆ ಶುರು ಮಾಡಿಸಿದಳು. ಮತ್ತೆ, ಇನ್ನೊಮ್ಮೆ. ಹಾಗೆ ಮಾಡುತ್ತಿರುವಾಗ ಒಂದು ಸಲ ಹೊಸ ಮೋಟರು ತಿರುಗದೆ, ಇದ್ದಲ್ಲೇ ಅತ್ತಿತ್ತ ನಡುಗಿತು. ಕೂಡಲೇ ನಿಲ್ಲಿಸಿ ಎಂದಳು. ತಿರುಗಲಿ ಎಂದು ಬಲವಂತ ಮಾಡಿದರೆ ಒಳಗೆ ಸುಡುತ್ತದೆ.

"ಮೂರು ಫೇಸಿನಲ್ಲಿ ಒಂದು ಬರ್ದಿದ್ರೆ ಪಂಪ್‌ಸೆಟ್ ಏನಾಗ್ತದೆ ಅಣ್ಣ?" ಎಂದು ಅವಳು ಕೇಳಿದಳು.

ಶಾನವಾಜನಿಗೆ ಆ ಉತ್ತರ ಬಾಯಿಪಾಠ. "ಗುಂಯ್ ಅಂತ ನಡುಗ್ತೈತಿ. ಹಂಗೇ ಬಿಟ್ರೆ ಸುಡ್ತೈತಿ."

"ಇದಕ್ಕೂ ಮೂರು ತಂತಿ. ಒಂದರಲ್ಲಿ ಕರೆಂಟ್ ಬರ್ತಾ ಇಲ್ಲ. ಅದು ಮೋಟರ್ ತಪ್ಪೋ, ಅದಕ್ಕೆ ಕರೆಂಟ್ ಕೊಡೋದರ ತಪ್ಪೋ ನೋಡ್ಬೇಕಲ್ಲ."

ಪ್ರತಿ ಮೋಟರಿಗೂ ಕರೆಂಟನ್ನು ಅಳತೆ ಮಾಡಿ ಕೊಡುವ ಒಂದು ಸಣ್ಣ ಹಲಗೆ ಇರುತ್ತದೆ. ಅದಕ್ಕೆ ಸ್ಪೀಡ್ ಕಂಟ್ರೋಲರ್ ಎನ್ನುತ್ತಾರೆ. ಎರಡರಲ್ಲಿ ಯಾವುದು ಕೆಟ್ಟಿದೆ ಎಂದು ತಿಳಿಯಲು ನಾಗಶ್ರೀ ಬ್ಯಾಟರಿ ಕಳಚಿ, ಆ ಮೋಟರನ್ನೂ ಅದರ ಎದುರು ಮೂಲೆಯ ಮೋಟರನ್ನೂ ಅದಲು ಬದಲು ಮಾಡಿಸಿದಳು. ಎದುರು ಮೂಲೆಯವು ಎರಡೂ ಒಂದೇ ದಿಕ್ಕಿಗೆ ತಿರುಗುತ್ತವೆ, ಹಾಗಾಗಿ ಅವನ್ನೇ ಬದಲಿಸುವುದು ಸುಲಭ. ತಡವರಿಕೆ ಮೋಟರಿನ ಜೊತೆ ಹೋದರೆ ಮೋಟರಿನದು ದೋಷ. ಅದೇ ಮೂಲೆಯಲ್ಲಿ ಉಳಿದರೆ ದೋಷ ಕಂಟ್ರೋಲರಿನದು, ಇಲ್ಲವೇ ಅದರ ತಂತಿಯದು.

ಹೊಸ ಮೋಟರು ಎದುರು ಮೂಲೆಯಲ್ಲಿ ಎಷ್ಟು ಸಲ ಶುರು ಮಾಡಿದರೂ ಸಲೀಸಾಗಿ ತಿರುಗಿತು. ಅಲ್ಲಿ ಚೆನ್ನಾಗಿದ್ದ ಹಳೆಯ ಮೋಟರು ಈ ಮೂಲೆಗೆ ಬಂದು ನಡುಗತೊಡಗಿತು.

ಶಾನವಾಜ್ ತಾನೇ ಕಂಟ್ರೋಲರಿನ ಹೊದಿಕೆ ಕತ್ತರಿಸಿದ. ಒಂದು ತಂತಿಯ ಬೆಸುಗೆ ಬಿರುಕು ಬಿಟ್ಟಿತ್ತು. ಸುತ್ತಲಿನ ಹಲಗೆ ಸುಟ್ಟು ಕಂದುಬಣ್ಣಕ್ಕೆ ತಿರುಗಿತ್ತು. ಬೆಸುಗೆ ಒಮ್ಮೆ ತಾಗುತ್ತಿತ್ತು, ಒಮ್ಮೆ ಬಿಡುತ್ತಿತ್ತು. ಮೇಲೆ ಹೋಗಿ ಅದುರಿದಾಗ ಬಿಟ್ಟೇಬಿಡುತ್ತಿತ್ತು. ಆ ಬೆಸುಗೆ ಹಾಕಿದವನು ಅವನೇ.

"ಮುಂದಿನ ವಾರ ಇನ್ನೊಬ್ಬರ ಮನೆ ಮೇಲೆ ಬೀಳ್ತಿತ್ತು," ಎಂದ. ಯಾರಿಗೆ ಹೇಳಿದನೋ. ದನಿ ಇಳಿದುಹೋಗಿತ್ತು.

ಇನಾಯತ್ ಉಲ್ಲಾ ಎದ್ದು ಲೋಕಮ್ಮನ ಎದುರು ಹೋಗಿ ಕೈಮುಗಿದ. ನನ್ನದೂ ತಪ್ಪು ಅಮ್ಮ, ಹೊಸದು ಹಾಕಿದ ಮೇಲೆ ನೋಡುವುದೇನು ಅಂದವನು ನಾನೇ ಎಂದ.

"ನನ್ನ ಕೈ ಆಗಿದ್ದು ಆಗಿಹೋತು," ಎಂದಳು ಲೋಕಮ್ಮ. "ಅದು ಕೂಸಿನ ಮುಖಕ್ಕೆ ಬಿದ್ದಿದ್ರೆ ನಾನು ಇವತ್ತು ನಿಮ್ಮನ್ನ ಜಗಲಿ ಹತ್ತಿಸ್ತಿರ್ಲಿಲ್ಲ."

ಶಾನವಾಜ್ ಅಲ್ಲಿಂದಲೇ ಹಬ್ಬದವರಿಗೆ ಫೋನು ಮಾಡಿ ಬರುವುದಿಲ್ಲವೆಂದ. ಅವರು ಬೇಸರಪಟ್ಟರು. ಕಾರಣವನ್ನೂ ಹೇಳಿದ. ಸುಟ್ಟ ಕಂಟ್ರೋಲರಿಗೆ ಮತ್ತೆ ಬೆಸುಗೆ ಹಾಕುವ ಆಸೆಗೆ ಹೋಗದೆ ಹೊಸದು ಹಾಕಿಸಿದ. ರೆಕ್ಕೆ ಇಲ್ಲದೆ ಮೋಟರುಗಳನ್ನು ಸ್ವಲ್ಪ ಹೊತ್ತು ತಿರುಗಿಸಿ, ಬ್ಯಾಟರಿ ಕಳಚಿ ಒಂದೊಂದನ್ನೂ ಮುಟ್ಟಿ ನೋಡಿದ. ಒಂದು ಮಾತ್ರ ಹೆಚ್ಚು ಬಿಸಿಯಾದರೆ ಇನ್ನೂ ದೋಷವಿದೆ ಎಂದು ನಾಗಶ್ರೀ ಹೇಳಿಕೊಟ್ಟಿದ್ದಳು. ಆಮೇಲೆ ಕೊಯ್ಲು ಮುಗಿದ ಖಾಲಿ ಗದ್ದೆಯಲ್ಲಿ, ಆಳೆತ್ತರಕ್ಕಿಂತ ಮೇಲೆ ಬಿಡದೆ ಹಾರಿಸಿದ. ಜನ ಸೇರಿದ ಕಡೆ ನೆತ್ತಿಯ ಮೇಲೆ ಹಾರಿಸುವುದನ್ನು ಅವನು ಬಿಟ್ಟೇಬಿಟ್ಟಿದ್ದಾನೆ.

ಓದುಗರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಡ್ರೋನು ಇರಬಹುದು, ನಿಮ್ಮೂರ ಹಬ್ಬಕ್ಕೂ ಒಂದು ಬರಬಹುದು. ಮೋಟರು ತಡವರಿಸಿದರೆ, ನಡುಗಿದರೆ, ಸುಟ್ಟ ವಾಸನೆ ಬಂದರೆ ಅದನ್ನು ಮೇಲೇರಿಸಬೇಡಿ. ಎರಡನೇ ಸಲ ತಿರುಗಿತು ಎಂದು ನಂಬಬೇಡಿ. ರೆಕ್ಕೆ ಬಿಚ್ಚಿದ ಮೇಲೆಯೇ ಪರೀಕ್ಷೆ ಮಾಡಿ. ದೋಷ ಮೋಟರಿನದೋ ಕಂಟ್ರೋಲರಿನದೋ ಎಂದು ಬದಲಿಸಿ ನೋಡಿ ತಿಳಿದುಕೊಳ್ಳಿ. ತಿಳಿಯದಿದ್ದರೆ ಬಲ್ಲವರ ಹತ್ತಿರ ಒಯ್ಯಿರಿ. ಹಬ್ಬ ನಡೆಸುವವರೇ, ಹಾರಿಸುವವನಿಗೆ ಅವಸರ ಮಾಡಬೇಡಿ. ಇವತ್ತು ಹಾರಿಸುವುದಿಲ್ಲ ಎಂದು ಅವನು ಹೇಳಿದರೆ ಒಪ್ಪಿಕೊಳ್ಳಿ. ಹೋದರೆ ಒಂದು ವಿಡಿಯೊ ಹೋದೀತು. ಅಷ್ಟೇ ಹೋಗಲಿ.