ಬೈಸ್ಕೊಳ್ಳೋಕೆ ಕೂತ ದೊರೆ

ನಮ್ಮೂರಲ್ಲಿ ಅಪೋ ಹಬ್ಬ ಅಂದ್ರೆ ದೊರೇನ ಮುಖದ ಮೇಲೇ ಬೈಯೋ ಹಬ್ಬ. ಯಾರ್ ಬೇಕಾದ್ರೂ, ಏನ್ ಬೇಕಾದ್ರೂ. ಸಿಟ್ಟು ಹೊರಗೆ ಬಂದ್ರೆ ಬೈದೋರ ಜೀವಾನೂ ತಣ್ಣಗಾಗುತ್ತಂತೆ, ಬೈಸ್ಕೊಂಡೋರ ಜೀವಾನೂ ತಣ್ಣಗಾಗುತ್ತಂತೆ. ಆಮೇಲೆ ಹೊಳೆ ಪೂಜೆಯ ಅಜ್ಜಿ ದೊರೆಯ ಪೀಠ ಹೊಳೇಲಿ ತೊಳೀತಾಳೆ. ಮಾರನೇ ದಿನ ಆ ಮಾತು ಎತ್ತಿದ್ರೆ ಒಂದು ಕುರಿ ದಂಡ.

ಎಂಥಾ ಸ್ಕೀಮ್ ನೋಡಿ! ಪ್ರೊಡ್ಯೂಸರೂ ಅವನೇ, ವಿಲನ್ನೂ ಅವನೇ. ಶಿಳ್ಳೆ ಹೊಡೆದು ಮನೆಗೆ ಹೋಗೋರು ಮಾತ್ರ ನಾವು.

ನಮ್ಮ ದೊರೆ ತಾಚಿ, ಮರ್ಯಾದೆಗೆ ನಾವು 'ನಾನಾ' ಅಂತ ಸೇರಿಸಿ ಕರೀಬೇಕು, ದೊಡ್ಡ ಛತ್ರಿ ಕೆಳಗೆ ಮೈತುಂಬ ಚಿನ್ನ ಹೇರ್ಕೊಂಡು, ಹೊಟ್ಟೆ ಕುಣಿಸಿ ನಗ್ತಾ ಕೂರ್ತಾನೆ. ಹಂದಿ ಅಂದ್ರೂ ನಗು, ಹೆಗ್ಗಣ ಅಂದ್ರೂ ನಗು. ಚೆನ್ನಾಗಿ ಬೈದೋರಿಗೆ ಬಾಟ್ಲಿ ಬೇರೆ ಕೊಡ್ತಾನೆ, ನಾಚಿಕೆಗೆಟ್ಟೋನು.

ಈ ವರ್ಷ ಹೊಳೆದಂಡೆಯ ಬದನೆ ತೋಟಗಳನ್ನ ತನ್ನ ಅಕ್ಕನ ಮಗ ಸಾರ್ಪಾಂಗ್‌ಗೆ ಮರಳು ತೆಗೆಯೋಕೆ ಕೊಟ್ಬಿಟ್ಟಿದ್ದ. ನಮ್ಮಮ್ಮ ಅಫ್ರಾಕೋಮಾದೂ ಅದ್ರಲ್ಲೇ, ಕೇರಿಯ ಇನ್ನೆಂಟು ಹೆಂಗಸರದೂ ಅದ್ರಲ್ಲೇ. ಗೂಟ ಹೊಡೆದಾಗಿತ್ತು. ಸೋಮವಾರ ಬುಲ್ಡೋಜರ್ ಬರೋದಿತ್ತು. ಆ ತೋಟ ಹೋದ್ರೆ ನಮ್ಮನೆ ಒಲೆ ಹತ್ತಲ್ಲ, ಅಷ್ಟೇ.

ನಾನು ಮೂರು ಹಾಡು ಕಟ್ಟಿದ್ದೆ. ಒಂದೊಂದ್ ಲೈನೂ ಇಂಟರ್ವಲ್ ಫೈಟ್ ಇದ್ದಂಗೆ. ಬೆಳಗ್ಗೆ ಅಮ್ಮನ ಮುಂದೆ ಪ್ರಾಕ್ಟೀಸ್ ಮಾಡ್ದೆ.

"ಅಮೆಯಾವ್, ಬಾಯ್ಮುಚ್ಚು," ಅಂದ್ಳು. "ಈ ಸಲ ನಮ್ಮ ಕೇರಿ ಬೈಯಲ್ಲ."

"ಅಮ್ಮಾ! ಹೀರೋ ಎಂಟ್ರಿ ಟೈಮಲ್ಲಿ ಕರೆಂಟ್ ತೆಗೀತೀಯಾ?"

"ಬೈದ್ರೆ ಅವನ ಜೀವ ತಣ್ಣಗಾಗುತ್ತಲ್ಲೋ ದಡ್ಡ. ಯಾಕೆ ಮಾಡ್ಲಿ ಅವನಿಗೆ ಆ ಉಪಕಾರ?"

ಮಧ್ಯಾಹ್ನ ಅರಮನೆ ಮುಂದೆ ನಮ್ಮ ಕೇರಿ ಸರದಿ ಬಂತು. ಡೋಲು ಜೋರಾಯ್ತು. ಒಂಬತ್ತು ಹೆಂಗಸರು ಮುಂದೆ ಹೋಗಿ, ಬಗ್ಗಿ, "ನಾನಾ, ಆರೋಗ್ಯಾನಾ?" ಅಂತ ಕೇಳಿ ಸುಮ್ನೆ ನಿಂತ್ರು.

ದೊರೆ ಜನರ ಮುಂದೆ ತಾನೇ ಮಾತಾಡಲ್ಲ, ಅದಕ್ಕೊಂದು ಬಾಡಿಗೆ ಬಾಯಿ ಇದೆ: ಕೋಲು ಹಿಡಿದ ಬೆಡಿಯಾಕೊ.

"ಬೈಯಮ್ಮಾ, ಟೈಮ್ ಆಗ್ತಿದೆ," ಅಂದ ಅವನು.

"ಏನಂತ ಬೈಲಿ? ಬಂಗಾರದಂಥ ದೊರೆ," ಅಂದ್ಳು ಅಮ್ಮ.

ಜನ ಕಿಸಕ್ಕಂದ್ರು. ಹೊಳೆ ಪೂಜೆಯ ಅಜ್ಜಿ ಕೊಡ ಕೆಳಗಿಟ್ಟು ಅದರ ಮೇಲೇ ಕೂತ್ಲು. "ಒಂದು ಕೇರಿ ಬಾಯಿ ಬಾಕಿ ಇದ್ರೂ ನಾನು ಪೀಠ ತೊಳೆಯಲ್ಲ. ಆಮೇಲೆ ಅವನಿಗೆ ಕಾಯಿಲೆ ಬಂದ್ರೆ ನನ್ನನ್ನ ಕೇಳ್ಬೇಡಿ."

ಕಾಯಿಲೆ ಅಂದಿದ್ದೇ ತಡ, ನಾನಾ ತಾಚಿಯ ನಗು ಬತ್ತೋಯ್ತು. ಬೆಡಿಯಾಕೊನ ಕಿವೀಲಿ ಏನೋ ಪಿಸುಗುಟ್ಟಿದ.

"ನಾನಾ ಒಂದು ಮೂಟೆ ಅಕ್ಕಿ ಕೊಡ್ತಾರಂತೆ. ಹಂದಿ ಅನ್ನು ಸಾಕು."

"ಅಯ್ಯೋ, ಹಂದಿಗೆ ಬೇಜಾರಾಗಲ್ವಾ?" ಅಂತ ನನ್ನ ಬಾಯಿಂದ ಜಾರೇಬಿಡ್ತು.

ಬೆಡಿಯಾಕೊ ಕಣ್ಣರಳಿಸಿ, "ಆಯ್ತು, ಬೈದ್ರು!" ಅಂತ ಕೋಲೆತ್ತಿದ.

ಅಮ್ಮ ನನ್ನ ಕಿವಿ ಹಿಂಡಿದಳು. "ಇವನ್ದು ಲೆಕ್ಕಕ್ಕಿಲ್ಲ. ಇವನಿಗೆಲ್ಲಿದೆ ತೋಟ?"

ಅಜ್ಜಿ ಕೊಡದ ಮೇಲಿಂದ ಅಲ್ಲಾಡಲೇ ಇಲ್ಲ.

ಕೊನೆಗೆ ದೊರೆ ಬಾಡಿಗೆ ಬಾಯೀನ ಪಕ್ಕಕ್ಕೆ ತಳ್ಳಿ ತಾನೇ ಎದ್ದ. ದನಿ ಅಂತೂ ಜ್ವರ ಬಂದ ಕೋಳೀದು. "ಅಫ್ರಾಕೋಮಾ, ನಿಂಗೇನ್ ಬೇಕು?"

"ನಂಗೇನೂ ಬೇಡ ನಾನಾ. ಆದ್ರೆ ಬೈದ್ರೆ ನಾಳೆ ನಾನು ಮರೀಬೇಕಲ್ಲ. ತೋಟದಲ್ಲಿ ಗೂಟ ಕಾಣ್ತಾ ಇದ್ರೆ ಹೆಂಗ್ ಮರೀಲಿ?"

ದೊರೆ ಬೆವರು ಒರೆಸ್ಕೊಂಡ. ಹೊಳೆ ಕಡೆ ನೋಡ್ದ, ಅಜ್ಜಿ ಕಡೆ ನೋಡ್ದ.

"ಸಾರ್ಪಾಂಗ್, ಹೋಗಿ ಗೂಟ ಕಿತ್ತು ತಾ. ತೋಟ ಅವರದ್ದೇ."

"ಮಾವಾ, ಬುಲ್ಡೋಜರ್‌ಗೆ—"

"ತಗೊಂಡ್ ಬಾರೋ!"

ಬಿಳಿ ಶೂ ಹಾಕ್ಕೊಂಡ ನಮ್ಮ ಮರಳು ಸಾಹುಕಾರ ಗೂಟ ಹೊತ್ಕೊಂಡು ಕೆಸರಾಗಿ ಬಂದ. ಹೆಂಗಸರು ಒಂದೊಂದನ್ನೂ ಮುಟ್ಟಿ ನೋಡಿದ್ರು. ನಾನು ಗಂಟಲು ಸರಿಮಾಡ್ಕೊಂಡೆ, ನನ್ನ ಕ್ಲೈಮ್ಯಾಕ್ಸ್ ಬಂತು ಅಂತ. ನಾನಾ ತಾಚಿನೂ ಹೊಟ್ಟೆ ಸಡಿಲ ಬಿಟ್ಟು, ನಗೋಕೆ ರೆಡಿಯಾಗಿ ಕೂತ.

ಅಮ್ಮ ನನ್ನ ಸರಿಸಿ ಮುಂದೆ ಹೋದ್ಳು. ಹಾಡಿಲ್ಲ, ತಾಳ ಇಲ್ಲ.

"ನೀವು ಕಳ್ಳ, ನಾನಾ."

ಡೋಲಿನವನಿಗೆ ಎಲ್ಲಿ ಹೊಡೀಬೇಕು ಅಂತ ಗೊತ್ತಾಗ್ಲಿಲ್ಲ. ಒಬ್ಬರೂ ನಗಲಿಲ್ಲ. ಅರ್ಧ ತೆರೆದ ಬಾಯಿ ಮುಚ್ಚೋದು ಹೆಂಗೆ ಅಂತ ದೊರೆಗೂ ತಿಳೀಲಿಲ್ಲ.

ಅಜ್ಜಿ ಎದ್ದು ಕೊಡ ತಲೆ ಮೇಲಿಟ್ಕೊಂಡು ಪೀಠ ತೊಳೆಯೋಕೆ ಹೊಳೆ ಕಡೆ ಹೊರಟ್ಲು. ಅಮ್ಮ ಅವಳಿಗಿಂತ ಮುಂದೆ ಇದ್ಳು. ಬದನೆಗೆ ನೀರು ಬಿಡ್ಬೇಕಿತ್ತು.